ಒಡೆಯಬೇಕಾದ ಗಾಜು

ಮಂಗಳವಾರ ಮಧ್ಯಾಹ್ನ ಮೂರು ಗಂಟೆ ಹದಿನೇಳು ನಿಮಿಷಕ್ಕೆ ಊರಿನ ಎಲ್ಲರ ಕೈಗಳೂ ಸಡಿಲಾದವು. ಆಗ ನನ್ನ ಕೈಯಲ್ಲಿ ಫೋನ್ ಇತ್ತು. ಅದು ಪೇಟೆ ಬೀದಿಯ ಕಲ್ಲುಚಪ್ಪಡಿಯ ಮೇಲೆ ಮುಖ ಅಡಿಯಾಗಿ ಬಿತ್ತು. ಎರಡು ಸೆಕೆಂಡಿನ ನಂತರ ಬೆರಳುಗಳಿಗೆ ಬಲ ಮರಳಿತು. ಬೀದಿಯಲ್ಲಿದ್ದವರೆಲ್ಲ ಬಾಗಿ ತಮ್ಮ ತಮ್ಮ ವಸ್ತುಗಳನ್ನು ಎತ್ತಿಕೊಂಡು, ನಿಂತಿದ್ದ ಮಾತನ್ನು ಮುಂದುವರಿಸಿದರು.

ನಾನು ಸಮಯ ಬರೆದುಕೊಂಡೆ. ಅದು ನನ್ನ ಕೆಲಸ. ನಮ್ಮ ಪತ್ರಿಕೆಯ ಮೊದಲ ಪುಟದ ಎಡ ಮೂಲೆಯಲ್ಲಿ ‘ನಿನ್ನೆಯ ಸಡಿಲು’ ಎಂಬ ಒಂದು ಸಾಲು ಬರುತ್ತದೆ. ಹದಿನಾರು ವರ್ಷಗಳಿಂದ ಆ ಸಾಲು ನನ್ನದು. ಸೂರ್ಯ ಹುಟ್ಟಿ ಮುಳುಗುವುದರೊಳಗೆ ದಿನಕ್ಕೆ ಒಂದು ಸಲ, ಒಂದೇ ಸಲ. ಯಾವಾಗ ಎಂದು ಮೊದಲೇ ಹೇಳಲು ಬಾರದು. ಕಚೇರಿಯಲ್ಲಿ ಕೂತಾಗ ಎಡಗೈಯಲ್ಲಿ ಕಬ್ಬಿಣದ ಬೋಲ್ಟ್ ಒಂದನ್ನು ತಗಡಿನ ತಟ್ಟೆಯ ಮೇಲೆ ಹಿಡಿದಿರುತ್ತೇನೆ. ಅದು ಠಣ್ ಎಂದಾಗ ಗಡಿಯಾರ ನೋಡುತ್ತೇನೆ. ಬಲಗೈಯ ಪೆನ್ನೂ ಬಿದ್ದಿರುತ್ತದೆ. ಅದನ್ನು ಎತ್ತಿಕೊಂಡು ಬರೆಯುತ್ತೇನೆ.

ಊರು ಇದಕ್ಕೆ ಹೊಂದಿಕೊಂಡಿದೆ. ಕೂಸುಗಳನ್ನು ಬಟ್ಟೆಯಲ್ಲಿ ಎದೆಗೆ ಕಟ್ಟಿಕೊಳ್ಳುತ್ತಾರೆ. ಟೀ ಲೋಟಗಳೆಲ್ಲ ಸ್ಟೀಲಿನವು, ಅರ್ಧಕ್ಕಿಂತ ಮೇಲೆ ತುಂಬುವುದಿಲ್ಲ. ಕ್ಷೌರದ ಅಂಗಡಿಗಳು ಬಾಗಿಲು ತೆರೆಯುವುದೇ ದೀಪ ಹಚ್ಚಿದ ಮೇಲೆ. ಬಾವಿಯ ಹಗ್ಗದ ಇನ್ನೊಂದು ತುದಿ ಯಾವಾಗಲೂ ಸೊಂಟದಲ್ಲಿರುತ್ತದೆ. ಫೋನುಗಳು ಬಂದ ಹೊಸದರಲ್ಲಿ ಅವಕ್ಕೂ ದಾರ ಕಟ್ಟಿ ನೋಡಿದರು. ದಾರ ಕಟ್ಟಿದ ಫೋನ್ ನೆಲಕ್ಕೆ ಬೀಳಲಿಲ್ಲ, ತೂಗಿ ಹೋಗಿ ಗೋಡೆಗೆ ಬಡಿಯಿತು. ಹಾಗಾಗಿ ದೇವೀರಮ್ಮನ ಅಂಗಡಿ ಬಂತು.

ಅಂಗಡಿ ಎಂದರೆ ಒಂದು ಬಾಗಿಲಿನಷ್ಟು ಅಗಲ. ಬಟ್ಟೆ ಅಂಗಡಿಯ ಮೆಟ್ಟಿಲಿನ ಕೆಳಗೆ ಒಂದು ಮೇಜು, ಒಂದು ಸ್ಟೂಲು, ಹಿಂದೆ ಗೋಡೆಗೆ ಒರಗಿಸಿದ ಬಿಸ್ಕತ್ತಿನ ಡಬ್ಬಿಗಳು. ದೇವೀರಮ್ಮನಿಗೆ ಆಗ ನಲವತ್ತಾರು ವರ್ಷ. ಫೋನಿನ ಮುಖಕ್ಕೆ ಟೆಂಪರ್ ಗ್ಲಾಸ್ ಅಂಟಿಸುವ ಕೆಲಸವನ್ನು ಹನ್ನೊಂದು ವರ್ಷದಿಂದ ಮಾಡುತ್ತಿದ್ದರು. ಊರಿನಲ್ಲಿ ಆ ಕೆಲಸ ಮಾಡುತ್ತಿದ್ದವರು ಅವರೊಬ್ಬರೇ.

“ತನ್ನಿ ಇಲ್ಲಿ, ಪೇಪರ್ನೋರೆ. ಎಷ್ಟೊತ್ತಿಗೆ?” ಎಂದು, ಒಡೆದ ಫೋನ್ ಹಿಡಿದು ಹೋದ ನನ್ನತ್ತ ಕೈ ಚಾಚಿದರು. ಫೋನನ್ನು ಅವರ ಅಂಗೈಗೆ ಕೊಟ್ಟೆ.

“ಮೂರು ಹದಿನೇಳು.”

“ಹದಿನೇಳೋ ಹದಿನೆಂಟೋ? ನಮ್ಮ ಗಡಿಯಾರದಾಗೆ ಹದಿನೆಂಟು ಆಗೋಗಿತ್ತು.”

“ನಿಮ್ಮ ಗಡಿಯಾರ ಒಂದು ನಿಮಿಷ ಮುಂದಿದೆ.”

“ನಿಮ್ದು ಹಿಂದೈತೆ ಅಂತ ನಾನೂ ಅನ್ಬೌದು. ಹೋಗ್ಲಿ, ಅಚ್ಚಾಗೋದು ನಿಮ್ದೇ ತಾನೆ.”

ಗಾಜಿನ ತುಂಬ ಬಿರುಕು. ಎಲ್ಲವೂ ಒಂದೇ ಚುಕ್ಕಿಯಿಂದ ಹೊರಟು ಅಂಚಿನವರೆಗೆ ಹರಡಿದ್ದವು. ದೇವೀರಮ್ಮ ಮೂಲೆಗೆ ಉಗುರು ಕೊಟ್ಟು ಅದನ್ನು ನಿಧಾನವಾಗಿ ಎಬ್ಬಿಸಿದರು. ಚೂರುಗಳು ಉದುರಲಿಲ್ಲ, ಅಡಿಯ ಅಂಟು ಹಿಡಿದುಕೊಂಡಿತ್ತು. ಕೆಳಗಿನ ಡಿಸ್‌ಪ್ಲೇ ಒಂದು ಗೆರೆಯೂ ಇಲ್ಲದೆ ಹೊಳೆಯುತ್ತಿತ್ತು. ಅದನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರು. ಹನ್ನೊಂದು ವರ್ಷದಲ್ಲಿ ಎಷ್ಟು ಸಲ ನೋಡಿದ್ದರೋ, ಪ್ರತಿ ಸಲವೂ ಆ ನೋಟದಲ್ಲಿ ಸ್ವಲ್ಪ ಗೆಲುವು ಇರುತ್ತಿತ್ತು.

“ಏಟು ಎಲ್ಲಿಗಾದ್ರೂ ಹೋಗ್ಲೇಬೇಕಲ್ವಾ? ಇದು ಬಿರುಕು ಬಿಡೋದ್ರಲ್ಲಿ ಅರ್ಧ ಖರ್ಚಾಯ್ತು. ಮಿಕ್ಕಿದ್ದು ಅಗಲಕ್ಕೆ ಹರಡ್ಕೊಂತು. ಕೆಳಗಿರೋನು ಬಚಾವಾದ” ಎಂದರು. ಸ್ಪಿರಿಟ್ ಹಾಕಿ ಒರೆಸಿ, ಒಣಬಟ್ಟೆಯಲ್ಲಿ ಮತ್ತೆ ಒರೆಸಿ, ಧೂಳನ್ನು ಅಂಟುಪಟ್ಟಿಯಿಂದ ತೆಗೆದು, ಹೊಸ ಗಾಜನ್ನು ಮೇಲಿನ ಅಂಚಿಗೆ ಸರಿಹೊಂದಿಸಿ ಬಿಟ್ಟರು. ಅಂಟು ನಡುವಿನಿಂದ ಅಂಚಿಗೆ ತಾನೇ ಹಬ್ಬಿತು. ಒಡೆದ ಗಾಜನ್ನು ಎಸೆಯಲಿಲ್ಲ. ಒಂದು ಚೀಟಿಯಲ್ಲಿ ತಾರೀಕು, ಹೊತ್ತು ಬರೆದು, ಅದಕ್ಕೆ ಅಂಟಿಸಿ ಬಿಸ್ಕತ್ತಿನ ಡಬ್ಬಿಗೆ ಹಾಕಿದರು. ಅಲ್ಲಿದ್ದ ಪ್ರತಿಯೊಂದು ಗಾಜೂ ಉಳಿದುಕೊಂಡ ಒಂದು ಡಿಸ್‌ಪ್ಲೇ ಎಂಬುದು ಅವರ ಲೆಕ್ಕ.

ಆ ಡಬ್ಬಿಗಳೇ ಅವರಿಗೆ ಮುಳುವಾದವು.

ಪುರಸಭೆಯ ಇನ್‌ಸ್ಪೆಕ್ಟರ್ ಉಮಾಪತಿ ಎರಡು ವಾರ ಮೊದಲೇ ಬಂದು, ನೋಡಿ ಕೊಡುತ್ತೇನೆಂದು ಹೇಳಿ ಒಂದು ತಿಂಗಳ ಡಬ್ಬಿ ತೆಗೆದುಕೊಂಡು ಹೋಗಿದ್ದರು. ಬುಧವಾರ ಬೆಳಗ್ಗೆ ನೋಟೀಸು ಬಂತು. ಒಂದೇ ತಿಂಗಳಲ್ಲಿ ಈ ಅಂಗಡಿಯ ನಾನೂರ ಹನ್ನೆರಡು ಗಾಜುಗಳು ಒಡೆದಿವೆ. ಆದ್ದರಿಂದ ಈ ಸಾಮಾನು ಕಳಪೆ. ಮುಂದಿನ ಒಂದನೇ ತಾರೀಕಿನಿಂದ ಪುರಸಭೆ ಒಪ್ಪಿದ ‘ಅಖಂಡ’ ಎಂಬ ಹಾಳೆಯನ್ನು ಮಾತ್ರ ಅಂಟಿಸತಕ್ಕದ್ದು. ಒಪ್ಪದಿದ್ದರೆ ಅಂಗಡಿಯ ಪರವಾನಗಿ ರದ್ದು. ಆಕ್ಷೇಪಣೆ ಇದ್ದರೆ ಗುರುವಾರದ ಸಭೆಯಲ್ಲಿ ಹೇಳಬಹುದು.

ಅಖಂಡ ಎಂಬುದು ಮೇಣದಂತೆ ಬಳುಕುವ ತೆಳು ಪ್ಲಾಸ್ಟಿಕ್ ಹಾಳೆ. ಪುರಸಭೆ ಅದಕ್ಕೆ ಏಳು ಪರೀಕ್ಷೆ ಮಾಡಿತ್ತು. ಮಡಿಚಿದರು, ಸುರುಳಿ ಸುತ್ತಿದರು, ರುಬ್ಬುಗುಂಡಿನ ಕೆಳಗೆ ಒಂದು ದಿನ ಇಟ್ಟರು. ಬೀಗದ ಕೈಯಿಂದ ಕೆರೆದರೆ ಬಿದ್ದ ಗೆರೆ ಅರ್ಧ ಗಂಟೆಯಲ್ಲಿ ತಾನೇ ಮಾಯವಾಯಿತು. ಅದಕ್ಕೆ ಸದಸ್ಯರು ಚಪ್ಪಾಳೆ ತಟ್ಟಿದ್ದರು. ದೇವೀರಮ್ಮನ ಗಾಜು ಮೊದಲ ಪರೀಕ್ಷೆಯಲ್ಲೇ, ಮಡಿಚಿದಾಗ, ಮುರಿದಿತ್ತು. ಏಳೂ ಪರೀಕ್ಷೆಗಳ ಪಟ್ಟಿಯನ್ನು ನಾನೇ ಅಚ್ಚು ಹಾಕಿದ್ದೆ. ಅದರಲ್ಲಿ ಬೀಳಿಸುವ ಪರೀಕ್ಷೆ ಇರಲಿಲ್ಲ. ಅದು ಇಲ್ಲ ಎಂಬುದು ನನ್ನ ಕಣ್ಣಿಗೂ ಬಿದ್ದಿರಲಿಲ್ಲ.

ಕಣ್ಣಿಗೆ ಬೀಳದಿದ್ದುದಕ್ಕೆ ಕಾರಣವಿತ್ತು. ನಮ್ಮೂರಿನಲ್ಲಿ ಬೇಕೆಂದು ಯಾರೂ ಏನನ್ನೂ ಬೀಳಿಸುವುದಿಲ್ಲ. ಮಕ್ಕಳು ಚೆಂಡನ್ನು ಎಸೆಯುವುದಿಲ್ಲ, ಉರುಳಿಸುತ್ತಾರೆ. ದಿನಕ್ಕೊಮ್ಮೆ ಕೈ ಸೋಲುವ ಊರಿನಲ್ಲಿ, ಉಳಿದ ಹೊತ್ತು ಕೈ ಸೋಲುವುದಿಲ್ಲ ಎಂಬ ಭರವಸೆಯ ಮೇಲೇ ಒಬ್ಬರು ಇನ್ನೊಬ್ಬರ ಕೈಗೆ ಕೊಡುತ್ತಾರೆ. ಆ ಭರವಸೆ ಕೆಡಿಸಿದವರಿಗೆ ನೆಲದ ನಿಯಮ: ಒಂದು ವರ್ಷ ಯಾರೂ ಅವರ ಕೈಗೆ ಏನನ್ನೂ ಕೊಡುವಂತಿಲ್ಲ, ನೆಲಕ್ಕೆ ಇಡಬೇಕು, ಅವರು ಬಾಗಿ ಎತ್ತಿಕೊಳ್ಳಬೇಕು. ಕೊಟ್ಟವರಿಗೂ ಅದೇ ಶಿಕ್ಷೆ. ಹತ್ತೊಂಬತ್ತು ವರ್ಷಗಳ ಹಿಂದೆ ಶಾಲೆಯ ಡ್ರಾಯಿಂಗ್ ಮೇಷ್ಟರು ಸಿಟ್ಟಿನಲ್ಲಿ ಒಂದು ಸ್ಲೇಟನ್ನು ನೆಲಕ್ಕೆ ಕುಕ್ಕಿದ್ದರು. ಉಪ್ಪಿನ ಪೊಟ್ಟಣಕ್ಕೂ, ಮದುವೆಯ ಕರೆಯೋಲೆಗೂ ಬಾಗಿ ಬಾಗಿ, ಏಳನೆಯ ತಿಂಗಳಲ್ಲಿ ಊರು ಬಿಟ್ಟರು.

ಬುಧವಾರ ಸಂಜೆ ನಾನು ಅಂಗಡಿಗೆ ಹೋದಾಗ ದೇವೀರಮ್ಮ ನೋಟೀಸನ್ನು ಮೇಜಿನ ಗಾಜಿನಡಿ ಇಟ್ಟುಕೊಂಡು ಓದುತ್ತಿದ್ದರು. ಎದುರಿನ ಟೀ ಅಂಗಡಿಯ ಸುಬಾನ್ ಸಾಬರು ಪಕ್ಕದಲ್ಲಿ ನಿಂತಿದ್ದರು.

“ಅಂಟಿಸ್ಬಿಡಕ್ಕ ಅವರ ಹಾಳೇನೆ. ನಿಂದೇನ್ ಹೋಗ್ತದೆ? ಒಡೆದ್ರೆ ಪುರಸಭೇನ ಕೇಳ್ತಾರೆ” ಎಂದರು ಸುಬಾನ್ ಸಾಬರು.

“ಪುರಸಭೇಗ್ ಬರ್ತಾರಾ ಸಾಬ್ರೆ? ನನ್ನ ಮುಂದೆ ಬಂದು ನಿಂತ್ಕೊತಾರೆ. ಒಡೆದಿರೋ ಡಿಸ್‌ಪ್ಲೇ ನನ್ನ ಕೈಗೆ ಕೊಟ್ಟು, ನೀನೇ ತಾನೆ ಅಂಟ್ಸಿದ್ದು ಅಂತಾರೆ. ಒಡೀದೇ ಇರೋದನ್ನ ಮೇಲೆ ಹಾಕಿದ್ರೆ ಏಟು ನೆಟ್ಟಗೆ ಕೆಳಕ್ಕೆ ಹೋಗ್ತದೆ. ತಿಳಿದೂ ತಿಳಿದೂ ಹೆಂಗ್ ಹಾಕ್ಲಿ?”

“ಹಂಗಾದ್ರೆ ನಾಳೆ ಸಭೇಲಿ ಹೇಳು.”

“ಹೇಳಿದ್ರೆ ಕೇಳ್ತಾರಾ? ತೋರಿಸ್ಬೇಕು” ಎಂದರು ದೇವೀರಮ್ಮ. ಆಮೇಲೆ ನನ್ನ ಕಡೆ ತಿರುಗಿ, “ಆ ಡ್ರಾಯಿಂಗ್ ಮೇಷ್ಟ್ರು ನಮ್ಮ ಪಕ್ಕದ ಮನೇಲೇ ಇದ್ರು. ಹಾಲಿನ ಲೋಟಾನ ನಾನೇ ನೆಲಕ್ಕಿಡ್ತಿದ್ದೆ. ಏಳು ತಿಂಗಳು. ಒಂದು ದಿನಾನೂ ಕೈಗೆ ಕೊಡ್ಲಿಲ್ಲ” ಎಂದರು.

ಗುರುವಾರದ ಸಡಿಲು ಬೆಳಗ್ಗೆ ಎಂಟು ಗಂಟೆ ಐದು ನಿಮಿಷಕ್ಕೆ ಆಗಿಹೋಯಿತು. ಪುರಸಭೆಯ ಸಭೆ ಸೇರುವುದು ಯಾವಾಗಲೂ ಅಂದಿನ ಸಡಿಲು ಆದ ಮೇಲೆ. ಫೈಲು, ಮುದ್ರೆ, ಶಾಯಿಯ ಬಾಟಲಿ ಬೀಳಬಾರದೆಂಬ ಎಚ್ಚರಿಕೆ. ಸಂಜೆ ನಾಲ್ಕಕ್ಕೆ ಸಭೆ ಶುರುವಾದಾಗ ಹದಿನೈದು ಮಂದಿ ಸದಸ್ಯರೂ ಗಾಜಿನ ಲೋಟಗಳಲ್ಲಿ ತುಂಬ ಟೀ ಕುಡಿಯುತ್ತಿದ್ದರು. ದೇವೀರಮ್ಮ ಒಂದು ಕೈಚೀಲ ಹಿಡಿದು ಬಂದು ಮುಂದೆ ನಿಂತರು. ಅಧ್ಯಕ್ಷ ಫಾಲಾಕ್ಷಪ್ಪನವರು ನಿವೃತ್ತ ಓವರ್‌ಸೀಯರ್. ಕೆಟ್ಟವರಲ್ಲ, ಬಾಳಿಕೆ ಬರುವ ವಸ್ತುವಿನ ಮೇಲೆ ಅವರಿಗೆ ಬಹಳ ಗೌರವ.

“ನೋಡಮ್ಮ ದೇವೀರಮ್ಮ, ನಾವು ಏಳು ಪರೀಕ್ಷೆ ಮಾಡಿದೀವಿ. ಅಖಂಡ ಒಂದರಲ್ಲೂ ಸೋತಿಲ್ಲ. ನಿನ್ನ ಗಾಜು ದಿನಾ ಒಡೀತಾ ಇದೆ. ಇನ್ನೇನು ಹೇಳೋದಿದೆ?”

“ಬೀಳಿಸಿ ನೋಡಿದ್ರಾ ಸ್ವಾಮಿ?”

ಸಭೆಯಲ್ಲಿ ಲೋಟ ಇಡುವ ಸದ್ದುಗಳು ಕೇಳಿದವು. “ಬೇಕೂಂತ ಬೀಳಿಸೋದಾ? ಏನಮ್ಮ ಮಾತಾಡ್ತಿದೀಯ?” ಎಂದರು ಅಧ್ಯಕ್ಷರು.

“ಹಂಗಾದ್ರೆ ನಾಳೆ ಸಡಿಲು ಆಗೋವರ್ಗೂ ಕಾಯಿರಿ. ಐದು ಜನ ಇದನ್ನ ಹಿಡ್ಕಳ್ಳಿ, ಐದು ಜನ ಅದನ್ನ ಹಿಡ್ಕಳ್ಳಿ. ಕಾದು ನೋಡಾಣ.”

“ಒಬ್ಬ ಎತ್ತರ, ಒಬ್ಬ ಗಿಡ್ಡ. ಒಬ್ಬನ ಕೈ ಕಿವಿ ಹತ್ರ, ಒಬ್ಬನದು ಸೊಂಟದ ಹತ್ರ. ಅದು ಪರೀಕ್ಷೆ ಆಗತ್ತಾ? ಅದೂ ಅಲ್ದೆ ಆದೇಶಕ್ಕೆ ಇವತ್ತೇ ಸಹಿ ಆಗ್ಬೇಕು.” ಅವರು ಪೆನ್ನಿನ ಮುಚ್ಚಳ ತೆಗೆದರು.

ದೇವೀರಮ್ಮ ಕೈಚೀಲವನ್ನು ನೆಲಕ್ಕಿಟ್ಟು ಬಿಚ್ಚಿದರು. ಒಳಗೆ ಹತ್ತು ಹಳೆಯ ಫೋನುಗಳು, ಎಲ್ಲವೂ ಒಂದೇ ನಮೂನೆಯವು. ರಿಪೇರಿಗೆಂದು ಬಂದು ಯಾರೂ ವಾಪಸು ಕೇಳದೆ ಉಳಿದವು. ಬ್ಯಾಟರಿ ಸತ್ತಿದ್ದರೂ ಡಿಸ್‌ಪ್ಲೇ ಚೆನ್ನಾಗಿದ್ದವು. ಐದಕ್ಕೆ ಗಾಜು, ಐದಕ್ಕೆ ಅಖಂಡ ಅಂಟಿಸಿದ್ದರು. ಗೋಡೆಯ ಮೇಲೆ ಸೀಮೆಸುಣ್ಣದಿಂದ ತಮ್ಮ ಎದೆಯ ಎತ್ತರಕ್ಕೆ ಒಂದು ಗೆರೆ ಎಳೆದರು. ಟೇಪು ತಂದಿದ್ದರು, ಅಳೆದು, ನಾಲ್ಕು ಅಡಿ ಎಂದು ನನಗೆ ಹೇಳಿದರು. ಬರೆದುಕೊಂಡೆ.

“ದೇವೀರಮ್ಮ, ಬೇಡ” ಎಂದರು ಅಧ್ಯಕ್ಷರು. ಅವರ ದನಿಯಲ್ಲಿ ಬೆದರಿಕೆ ಇರಲಿಲ್ಲ, ಗಾಬರಿ ಇತ್ತು. “ನೆಲದ ನಿಯಮ ಗೊತ್ತಲ್ಲ ನಿಂಗೆ? ಕೈಗೆ ಫೋನ್ ಕೊಡೋರೇ ಇಲ್ಲದೆ ಅಂಗಡಿ ಹೆಂಗಮ್ಮ ನಡೆಸ್ತೀಯ?”

“ನಿಮ್ಮ ಹಾಳೆ ಅಂಟಿಸಿದ್ರೂ ಆರು ತಿಂಗಳಿಗೆ ಯಾರೂ ಕೊಡಲ್ಲ ಸ್ವಾಮಿ. ಹೋಗೋದೇ ಆದ್ರೆ ದಿಟ ಹೇಳಿ ಹೋಗ್ತೀನಿ.”

ಅಖಂಡ ಅಂಟಿಸಿದ ಮೊದಲ ಫೋನನ್ನು ಎರಡು ಅಂಚಿನಲ್ಲಿ ಹಿಡಿದು, ಮುಖ ಕೆಳಗೆ ಮಾಡಿ, ಗೆರೆಗೆ ಸರಿಯಾಗಿ ಎತ್ತಿದರು. ಆಮೇಲೆ ಬೆರಳು ಬಿಡಿಸಿದರು.

ಯಾರೋ ಒಬ್ಬ ಸದಸ್ಯರು ಕಣ್ಣು ಮುಚ್ಚಿಕೊಂಡರು. ಕಲ್ಲಿಗೆ ಬಡಿದ ಸದ್ದು ಬೀದಿಯವರೆಗೂ ಹೋಗಿರಬೇಕು, ಏಕೆಂದರೆ ಕಿಟಕಿಗಳಲ್ಲಿ ಮುಖಗಳು ಕಾಣಿಸಿಕೊಂಡವು. ದೇವೀರಮ್ಮ ಫೋನನ್ನು ಎತ್ತಿ, ಹಾಳೆಯನ್ನು ಕಿತ್ತು, ಎರಡನ್ನೂ ಅಧ್ಯಕ್ಷರ ಮೇಜಿನ ಮೇಲಿಟ್ಟರು. ಹಾಳೆಗೆ ಏನೂ ಆಗಿರಲಿಲ್ಲ. ಅದರ ಕೆಳಗಿನ ಡಿಸ್‌ಪ್ಲೇ ಅಡ್ಡಡ್ಡ ಸೀಳಿತ್ತು.

“ನಿಮ್ಮ ಅಖಂಡ ಅಖಂಡವಾಗೇ ಐತೆ ಸ್ವಾಮಿ” ಎಂದರು.

ಕಿಟಕಿಯ ಹೊರಗೆ ಸುಬಾನ್ ಸಾಬರು ಜೋರಾಗಿ ನಕ್ಕರು. ಒಳಗೆ ಯಾರೂ ನಗಲಿಲ್ಲ. ದೇವೀರಮ್ಮ ಗಾಜು ಅಂಟಿಸಿದ್ದನ್ನು ಎತ್ತಿಕೊಂಡು ಅದೇ ಗೆರೆಯಿಂದ ಬಿಟ್ಟರು. ಗಾಜು ಪುಡಿಯಾಯಿತು, ಡಿಸ್‌ಪ್ಲೇ ಉಳಿಯಿತು. “ಒಂದು ಸಲ ಆದ್ರೆ ಅದೃಷ್ಟ ಅಂತೀರ” ಎಂದು ಮೂರನೆಯದನ್ನು ತೆಗೆದುಕೊಂಡರು. ನಾಲ್ಕು, ಐದು, ಆರು. ಒಂದೊಂದು ಸಲವೂ ಅದೊಂದು ಬೇರೆ ತಪ್ಪು, ಬೇರೆ ಬೇರೆಯಾಗಿ ದಾಖಲಾಗುತ್ತದೆ ಎಂದು ಉಮಾಪತಿ ಎದ್ದು ಹೇಳಿದರು. “ಬರ್ಕೊಳ್ಳಿ, ತಪ್ಪಿಲ್ದಂಗೆ ಬರ್ಕೊಳ್ಳಿ” ಎಂದು ದೇವೀರಮ್ಮ ಅವರ ಕಡೆ ನೋಡದೆಯೇ ಹೇಳಿ, ಏಳನೆಯದನ್ನು ಬಿಟ್ಟರು.

ಹತ್ತನೆಯದು, ಗಾಜು ಅಂಟಿಸಿದ್ದು, ಒಂದು ಬೆರಳಿನಿಂದ ಮುಂಚೆ ಜಾರಿತು. ಓರೆಯಾಗಿ ಹೋಗಿ ಮೂಲೆಯ ಮೇಲೆ ಬಿತ್ತು. ಅದರ ಡಿಸ್‌ಪ್ಲೇಯೂ ಮೂಲೆಯಿಂದ ಬಿರಿದಿತ್ತು.

“ಇಲ್ಲಿ ನೋಡಿ!” ಎಂದು ಅಧ್ಯಕ್ಷರು ಕುರ್ಚಿಯಿಂದ ಎದ್ದರು.

“ಹೌದು, ಒಡೀತು. ಮೂಲೆಗೆ ಬಿದ್ರೆ ನನ್ನ ಗಾಜೂ ಏನೂ ಮಾಡಲ್ಲ. ಏಟು ಅಂಚಿನಿಂದ ಒಳಕ್ಕೆ ನುಗ್ಗುತ್ತೆ, ಗಾಜು ಅಲ್ಲಿಗೆ ಎಟುಕಲ್ಲ. ಅದಕ್ಕೆ ದಪ್ಪ ಅಂಚಿನ ಕವರ್ ಬೇಕು. ಇದನ್ನ ಹನ್ನೊಂದು ವರ್ಷದಿಂದ ಎಲ್ರಿಗೂ ಹೇಳ್ತಾ ಇದೀನಿ.” ನನ್ನ ಕಡೆ ತಿರುಗಿ, “ಪೇಪರ್ನೋರೆ, ನಂದು ಐದರಲ್ಲಿ ನಾಕು ಉಳೀತು ಅಂತ ಬರೀರಿ. ಐದು ಅಂತ ಹಾಕ್ಬೇಡಿ” ಎಂದರು.

ನನ್ನ ಪುಸ್ತಕದಲ್ಲಿ ಇರುವುದು ಇಷ್ಟು. ಅಖಂಡ ಹಾಳೆಯ ಕೆಳಗೆ ಐದರಲ್ಲಿ ನಾಲ್ಕು ಡಿಸ್‌ಪ್ಲೇ ಒಡೆದವು, ಒಂದು ಉಳಿಯಿತು. ಹಾಳೆಗಳು ಐದೂ ಚೆನ್ನಾಗಿದ್ದವು. ಗಾಜಿನ ಕೆಳಗೆ ಐದರಲ್ಲಿ ಒಂದು ಒಡೆಯಿತು, ನಾಲ್ಕು ಉಳಿದವು. ಗಾಜುಗಳು ಐದೂ ಒಡೆದವು. ಅಧ್ಯಕ್ಷರು ಆ ಹತ್ತು ಫೋನುಗಳನ್ನು ತುಂಬ ಹೊತ್ತು ನೋಡಿದರು. ಅಖಂಡದ ಆದೇಶಕ್ಕೆ ಸಹಿ ಹಾಕಲಿಲ್ಲ. ಫೈಲನ್ನು ಕಟ್ಟಿ ಪಕ್ಕಕ್ಕಿಟ್ಟರು. ನೆಲದ ನಿಯಮದ ಆದೇಶಕ್ಕೆ ಸಹಿ ಹಾಕಿದರು. ಹತ್ತು ತಪ್ಪಿಗೆ ಹತ್ತು ವರ್ಷ ಎಂದು ಒಬ್ಬ ಸದಸ್ಯರು ಹೇಳಿದಾಗ, ಒಂದೇ ವರ್ಷ ಸಾಕು ಎಂದರು. ಆದೇಶದ ಪ್ರತಿಯನ್ನು ಉಮಾಪತಿ ದೇವೀರಮ್ಮನ ಮುಂದೆ ನೆಲದ ಮೇಲಿಟ್ಟರು.

ದೇವೀರಮ್ಮ ಅದನ್ನು ನೋಡಿದರು, ಬಾಗಲಿಲ್ಲ. ಖಾಲಿ ಕೈಚೀಲ ಮಡಿಚಿಕೊಂಡು ಹೊರಟರು. ನಾನು ಆ ಕಾಗದವನ್ನು ಎತ್ತಿಕೊಳ್ಳಲು ಹೋದೆ. ಅದು ನಿಮ್ಮ ಕೆಲಸವಲ್ಲ ಎಂದು ಉಮಾಪತಿ ನನಗೆ ಹೇಳಿದರು. ಅದು ಅಲ್ಲೇ ಉಳಿಯಿತು.

ಶುಕ್ರವಾರದ ಪತ್ರಿಕೆಯಲ್ಲಿ ಮೊದಲು ‘ನಿನ್ನೆಯ ಸಡಿಲು: ಬೆಳಗ್ಗೆ 8.05’ ಎಂಬ ಸಾಲು, ಅದರ ಕೆಳಗೆ ಮೇಲಿನ ಲೆಕ್ಕ ಅಚ್ಚಾಗಿತ್ತು. ಜೊತೆಗೆ, ಹಿಂದೆ ಪ್ರಕಟವಾದ ಏಳು ಪರೀಕ್ಷೆಗಳ ಪಟ್ಟಿಯಲ್ಲಿ ಬೀಳಿಸುವ ಪರೀಕ್ಷೆ ಇರಲಿಲ್ಲ, ಅದನ್ನು ಈ ವರದಿಗಾರ ಗಮನಿಸಲಿಲ್ಲ ಎಂಬ ಒಂದು ತಿದ್ದುಪಡಿ.

ಬೆಳಗ್ಗೆ ಎಂಟೂವರೆಗೆ ದೇವೀರಮ್ಮ ಎಂದಿನಂತೆ ಅಂಗಡಿ ತೆರೆದರು. ಮೇಜಿನ ಪಕ್ಕದಲ್ಲಿ ಉಮಾಪತಿ ಒಂದು ದಪ್ಪ ಪುಸ್ತಕ ಹಿಡಿದು ನಿಂತಿದ್ದರು. ಕೈಗೆ ಕೊಟ್ಟವರ ಹೆಸರು ಬರೆಯುವುದು ಅವರ ಕೆಲಸ. ಮೊದಲು ಒಬ್ಬ ಹೆಂಗಸು ಬಂದಳು. ಎದೆಗೆ ಕೂಸು ಕಟ್ಟಿಕೊಂಡಿದ್ದಳು. ಫೋನನ್ನು ತೆಗೆದು, ಉಮಾಪತಿಯವರನ್ನು ನೋಡಿ, ಬಾಗಿ ನೆಲದ ಮೇಲಿಟ್ಟಳು. ದೇವೀರಮ್ಮ ಸ್ಟೂಲಿನಿಂದ ಏಳಲಿಲ್ಲ.

“ಎತ್ಕೊಳ್ಳವ್ವ. ನೆಲದಲ್ಲಿರೋ ಫೋನಿಗೆ ಗಾಜು ಯಾತಕ್ಕೆ? ಅದು ಇನ್ನೆಲ್ಲಿಗ್ ಬೀಳ್ತದೆ?” ಎಂದರು.

ಆ ಹೆಂಗಸು ಎತ್ತಿಕೊಂಡು ಸುಮ್ಮನೆ ನಿಂತಳು. ಹೋಗಲೂ ಇಲ್ಲ, ಕೊಡಲೂ ಇಲ್ಲ. ಅವಳ ಹಿಂದೆ ಇನ್ನೂ ಮೂವರು ಬಂದು ನಿಂತರು. ಹೀಗೆ ಕಾಲು ಗಂಟೆ ಕಳೆಯಿತು.

ಆಗ ಸುಬಾನ್ ಸಾಬರು ಬೀದಿ ದಾಟಿ ಬಂದರು. ಕೈಯಲ್ಲಿ ಟೀ ಲೋಟ ಇತ್ತು. ದೇವೀರಮ್ಮನ ಮುಂದೆ ನಿಂತು, ಲೋಟವನ್ನು ನೆಟ್ಟಗೆ ಅವರ ಕೈಗೆ ಕೊಟ್ಟರು.

“ಸಾಬ್ರೆ, ಹೆಸರು ಬರೀತೀನಿ” ಎಂದರು ಉಮಾಪತಿ.

“ಬರ್ಕಳ್ಳಿ ಸಾರ್. ಅಬ್ದುಲ್ ಸುಬಾನ್, ಟೀ ಅಂಗಡಿ. ತಂದೆ ಹೆಸರೂ ಹೇಳ್ಲಾ? ನಾಳೆಯಿಂದ ನಿಮ್ಮ ಟೀ ದುಡ್ಡು ನೆಲಕ್ಕಿಡಿ. ನಾನೂ ನಿಮ್ಮ ಟೀನ ನೆಲಕ್ಕಿಡ್ತೀನಿ, ಲೆಕ್ಕ ಸರಿಹೋಯ್ತದೆ.”

ಕೂಸು ಕಟ್ಟಿಕೊಂಡಿದ್ದ ಹೆಂಗಸು ನಕ್ಕಳು. ನಗುತ್ತಲೇ ಫೋನನ್ನು ಚಾಚಿದಳು. ದೇವೀರಮ್ಮ ಲೋಟ ಪಕ್ಕಕ್ಕಿಟ್ಟು ಅದನ್ನು ಕೈಗೆ ತೆಗೆದುಕೊಂಡರು. ಉಮಾಪತಿ ಎರಡನೆಯ ಹೆಸರು ಬರೆದರು. ಆಮೇಲೆ ಸಾಲು ನಿಲ್ಲಲಿಲ್ಲ. ನಾನು ವರದಿ ಮಾಡಲು ಹೋದವನು. ವರದಿಗಾರ ಸಾಲಿನಲ್ಲಿ ನಿಲ್ಲಬಾರದು ಎಂಬುದು ನಾನು ಕಲಿತ ಪಾಠ. ನನ್ನ ಹೆಸರು ಆ ಪುಸ್ತಕದ ಒಂಬತ್ತನೆಯ ಸಾಲಿನಲ್ಲಿದೆ.

ಒಂಬತ್ತು ಗಂಟೆ ಇಪ್ಪತ್ತಾರು ನಿಮಿಷಕ್ಕೆ ಎಲ್ಲರ ಕೈಗಳೂ ಸಡಿಲಾದವು. ದೇವೀರಮ್ಮನ ಕೈಯಲ್ಲಿದ್ದ ಫೋನ್ ಮೇಜಿಗೆ ಬಿತ್ತು, ಸಾಲಿನಲ್ಲಿದ್ದವರವು ಚಪ್ಪಡಿಗೆ ಬಿದ್ದವು. ಉಮಾಪತಿಯವರ ಪೆನ್ನು ಬಿತ್ತು, ಪುಸ್ತಕ ಬಿತ್ತು. ಅವರು ಎಡಗೈಯಲ್ಲಿ ಪುಸ್ತಕದ ಜೊತೆಗೇ ಹಿಡಿದಿದ್ದ ಫೋನ್ ಪುಸ್ತಕದ ಅಂಚಿಗೆ ತಾಗಿ, ತಿರುಗಿ, ಮುಖ ಅಡಿಯಾಗಿ ಕಲ್ಲಿಗೆ ಬಿತ್ತು. ಅದಕ್ಕೆ ಪುರಸಭೆಯ ಸಿಬ್ಬಂದಿಗೆಲ್ಲ ಮೊದಲೇ ಹಂಚಿದ್ದ ಅಖಂಡ ಹಾಳೆ ಅಂಟಿಸಿದ್ದರು. ಬೆರಳಿಗೆ ಬಲ ಬಂದ ಮೇಲೆ ಅವರು ಅದನ್ನು ಎತ್ತಿ ನೋಡಿದರು. ಹಾಳೆಯ ಮೇಲೆ ಏನೂ ಇರಲಿಲ್ಲ. ಬೆರಳಿನಿಂದ ಒರೆಸಿದರು, ಮತ್ತೆ ಒರೆಸಿದರು. ಬಿರುಕು ಒಳಗಿತ್ತು.

“ಡಿಸ್‌ಪ್ಲೇ ಬದಲಾಯಿಸ್ಬೇಕು ಸ್ವಾಮಿ. ಮಧ್ಯಾಹ್ನಕ್ಕೆ ಆಯ್ತದೆ” ಎಂದರು ದೇವೀರಮ್ಮ, ಸ್ಟೂಲಿನಲ್ಲಿ ಕೂತೇ.

ಉಮಾಪತಿ ಒಮ್ಮೆ ನೆಲ ನೋಡಿದರು. ಮೊಣಕಾಲು ಅರ್ಧ ಬಾಗಿತು, ಅಲ್ಲಿಯೇ ನಿಂತಿತು. ಆಮೇಲೆ ನೆಟ್ಟಗಾಗಿ ಫೋನನ್ನು ದೇವೀರಮ್ಮನ ಕೈಗೆ ಕೊಟ್ಟರು. ಬಿದ್ದ ಪುಸ್ತಕವನ್ನು ಎತ್ತಿ, ಧೂಳು ಕೊಡವಿ, ಪೆನ್ನು ಹುಡುಕಿ, ಇಪ್ಪತ್ತಮೂರನೆಯ ಸಾಲಿನಲ್ಲಿ ತಮ್ಮ ಹೆಸರು ಬರೆದರು.